ನಕ್ಷೆಯಲ್ಲಿಲ್ಲದ ಹತ್ತೊಂಬತ್ತು ಮೆಟ್ಟಿಲು

ಲಂಡನ್ನಿಗೆ ಹೋದ ಮೂರನೆಯ ದಿನವೇ ನಾನು ಮಗಳ ಮುಂದೆ ನಗೆಪಾಟಲಾದೆ. ಲೆಸ್ಟರ್ ಸ್ಕ್ವೇರ್‌ನಲ್ಲಿ ಸುತ್ತಾಡುತ್ತಿದ್ದವಳಿಗೆ ಕೋವೆಂಟ್ ಗಾರ್ಡನ್ ನೋಡೋಣ ಅನ್ನಿಸಿತು. ಕೈಯಲ್ಲಿ ಟ್ಯೂಬ್ ರೈಲಿನ ನಕ್ಷೆ ಇತ್ತು. ಕಡುನೀಲಿ ಗೆರೆಯ ಮೇಲೆ ಪಕ್ಕದ ನಿಲ್ದಾಣವೇ ಕೋವೆಂಟ್ ಗಾರ್ಡನ್. ಸರಿ, ಎಸ್ಕಲೇಟರ್ ಇಳಿದು, ಪ್ಲಾಟ್‌ಫಾರ್ಮಿಗೆ ನಡೆದು, ರೈಲು ಹತ್ತಿ, ಕೂರಲು ಜಾಗ ಹುಡುಕುವಷ್ಟರಲ್ಲಿ ಇಳಿಯುವ ನಿಲ್ದಾಣ ಬಂದೇಬಿಟ್ಟಿತು. ಲಿಫ್ಟಿನ ಮುಂದೆ ಜಾತ್ರೆಯಷ್ಟು ಜನ. ಪಕ್ಕದಲ್ಲಿ ಮೆಟ್ಟಿಲು ಕಂಡಿತು. ಅಲ್ಲೊಂದು ಎಚ್ಚರಿಕೆಯ ಫಲಕವೂ ಇತ್ತು, ನಾನು ಓದಲಿಲ್ಲ. ಸುರುಳಿ ಸುತ್ತಿಕೊಂಡು ಮೇಲೇರುವ 193 ಮೆಟ್ಟಿಲು. ಹದಿನೈದು ಅಂತಸ್ತು ಹತ್ತಿದ ಲೆಕ್ಕ. ಮಂಡಿನೋವಿನವಳು ನಡುನಡುವೆ ಗೋಡೆಗೊರಗಿ ನಿಂತು, ಹಿಂದೆ ಬರುತ್ತಿದ್ದವರಿಗೆ ದಾರಿ ಬಿಟ್ಟುಕೊಟ್ಟು, ಅಂತೂ ಬೆಳಕು ಕಂಡೆ.

ರಾತ್ರಿ ಮಗಳಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. "ಅಲ್ಲಮ್ಮಾ, ನಡೆದು ಹೋಗಿದ್ರೆ ನಾಲ್ಕೇ ನಿಮಿಷ. ಅಲ್ಲಿಗೆ ಯಾರಾದ್ರೂ ಟ್ರೇನ್ ಹತ್ತುತಾರಾ?" ಆ ಎರಡು ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್. ಇಡೀ ಟ್ಯೂಬ್ ಜಾಲದಲ್ಲೇ ಅತಿ ಚಿಕ್ಕ ದೂರ. ಅದಕ್ಕೆ ನಾನು ಕೊಟ್ಟದ್ದು ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಗೂ ಮೇಲೆ. "ನಕ್ಷೇಲಿ ಎಲ್ಲಾ ನಿಲ್ದಾಣಗಳೂ ಒಂದೇ ಅಳತೇಲಿ ಇದ್ವಲ್ಲೇ" ಎಂದೆ. "ಅದು ನಕ್ಷೆಯೇ ಅಲ್ಲ, ಅದೊಂದು ಚಿತ್ರ ಅಷ್ಟೇ" ಎಂದಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಪ್ರಪಂಚದ ನಕ್ಷೆಯನ್ನು ಗೋಡೆಗೆ ನೇತುಹಾಕಿ, ಕೋಲು ಹಿಡಿದು, ಅಳತೆಯ ಪ್ರಮಾಣ ಅಂದರೇನು ಎಂದು ಎಷ್ಟು ಮಕ್ಕಳಿಗೆ ಪಾಠ ಮಾಡಿದ್ದೇನೋ. ಅಂಥವಳೇ ಅಳತೆಯಿಲ್ಲದ ನಕ್ಷೆಯನ್ನು ನಂಬಿ 193 ಮೆಟ್ಟಿಲು ಹತ್ತಿದ್ದೆ. ಆ ಚಿತ್ರ ಬರೆದವನು ಯಾರು ಎಂದು ತಿಳಿಯುವ ಹಟ ಹುಟ್ಟಿದ್ದು ಅಲ್ಲಿಂದ.

ಅವನು ಹ್ಯಾರಿ ಬೆಕ್. ಅಂಡರ್‌ಗ್ರೌಂಡ್ ರೈಲಿನ ಸಿಗ್ನಲ್ ವಿಭಾಗದಲ್ಲಿ ತಾತ್ಕಾಲಿಕ ನಕ್ಷೆಗಾರನಾಗಿದ್ದ. 1931ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸ ಕಳೆದುಕೊಂಡು ಮನೆಯಲ್ಲಿದ್ದಾಗ ಬಿಡುವಿನಲ್ಲಿ ಈ ಚಿತ್ರ ಬರೆದ. ಅದಕ್ಕೂ ಮುಂಚಿನ ನಕ್ಷೆಗಳು ಊರಿನ ನಿಜವಾದ ಅಳತೆಗೆ ತಕ್ಕಂತೆ ಇರುತ್ತಿದ್ದವು. ನಡುಪೇಟೆಯಲ್ಲಿ ನಿಲ್ದಾಣಗಳ ಹೆಸರು ಒಂದರ ಮೇಲೊಂದು ಬಿದ್ದಿರುತ್ತಿದ್ದವು, ಹೊರವಲಯದ ನಿಲ್ದಾಣಗಳು ಕಾಗದದಿಂದಲೇ ಆಚೆ ಹೋಗುತ್ತಿದ್ದವು. ನೆಲದಡಿಯಲ್ಲಿ ಹೋಗುವವನಿಗೆ ಮೇಲಿನ ಬೀದಿ ಯಾಕೆ ಬೇಕು ಎಂಬುದು ಬೆಕ್‌ನ ತರ್ಕ. ಯಾವ ಗೆರೆ ಹತ್ತಬೇಕು, ಎಲ್ಲಿ ಬದಲಾಯಿಸಬೇಕು, ಎಲ್ಲಿ ಇಳಿಯಬೇಕು, ಇಷ್ಟು ಗೊತ್ತಾದರೆ ಸಾಕು. ಗೆರೆಗಳನ್ನು ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆ ಮಾಡಿದ. ನಡುಪೇಟೆಯನ್ನು ಹಿಗ್ಗಿಸಿದ, ಹೊರವಲಯವನ್ನು ಕುಗ್ಗಿಸಿದ. ಮೇಲಿನ ಊರಿನದೆಂದು ಉಳಿಸಿಕೊಂಡದ್ದು ಥೇಮ್ಸ್ ನದಿಯೊಂದನ್ನೇ.

ಮೊದಲು ಅಧಿಕಾರಿಗಳು ಬೇಡವೆಂದರು. ಅವನು ಮತ್ತೆ ಕೇಳಿದ. 1933ರ ಜನವರಿಯಲ್ಲಿ ಅಚ್ಚಾಯಿತು, ಜನ ಮುಗಿಬಿದ್ದು ಒಯ್ದರು. 1960ರಲ್ಲಿ ಬೇರೊಬ್ಬರ ಹೆಸರಿನಲ್ಲಿ ಹೊಸ ನಕ್ಷೆ ಬಂತು. ತನ್ನ ಕೂಸನ್ನು ಕಸಿದುಕೊಂಡರೆಂದು ಬೆಕ್ ವರ್ಷಗಟ್ಟಲೆ ಜಗಳವಾಡಿ ಸೋತು, 1974ರಲ್ಲಿ ತೀರಿಕೊಂಡ. ಇವತ್ತಿನ ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರಿದೆ. ಈಗ ಪ್ರಪಂಚದ ಎಷ್ಟೋ ಊರುಗಳ ಮೆಟ್ರೋ ನಕ್ಷೆಗಳು, ನಮ್ಮ ಬೆಂಗಳೂರಿನದೂ ಸೇರಿ, ಅವನು ಹಾಕಿಕೊಟ್ಟ ದಾರಿಯಲ್ಲೇ ಇವೆ.

ಪ್ರವಾಸಿಗೆ ಆ ನಕ್ಷೆ ದೊಡ್ಡ ಉಪಕಾರವೇ. ಮಗಳು ಕೆಲಸಕ್ಕೆ ಹೋದಮೇಲೆ ಒಬ್ಬಳೇ ತಿರುಗಾಡುವ ಧೈರ್ಯ ಬಂದದ್ದು ಅದರಿಂದಲೇ. ಅವಳ ಮನೆ ಪೂರ್ವ ಲಂಡನ್ನಿನ ಲೇಟನ್‌ನಲ್ಲಿ, ಸೆಂಟ್ರಲ್ ಲೈನ್ ಎಂಬ ಕೆಂಪು ಗೆರೆಯ ಮೇಲೆ. ಕಲಿತ ಪಾಠಗಳನ್ನು ಮುಂದೆ ಹೋಗುವವರಿಗೆ ಹೇಳಿಬಿಡುತ್ತೇನೆ. ಟಿಕೆಟ್ ಕೊಳ್ಳುವ ರಗಳೆ ಇಲ್ಲ. ಬ್ಯಾಂಕಿನ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದರೆ ಸಾಕು, ಆದರೆ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಬೆಳಿಗ್ಗೆ ಕಾರ್ಡು, ಸಂಜೆ ಫೋನು ಎಂದರೆ ಯಂತ್ರದ ಲೆಕ್ಕದಲ್ಲಿ ನೀವು ಇಬ್ಬರಾಗುತ್ತೀರಿ. ಒಂದೇ ಕಾರ್ಡು ಬಳಸಿದರೆ ದಿನಕ್ಕೆ ಇಷ್ಟು ಎಂಬ ಮಿತಿ ಮುಟ್ಟಿದ ಮೇಲೆ ಎಷ್ಟು ತಿರುಗಿದರೂ ಹಣ ಹೋಗುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಯ ಮೇಲೆ ಹೊರಟರೆ ದರವೂ ಕಡಿಮೆ, ಜನವೂ ಕಡಿಮೆ. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಬೇಕು, ಎಡಗಡೆ ಅವಸರದವರಿಗೆ. ಗೆರೆಯ ಬಣ್ಣ ನೋಡಿ ಹತ್ತಿದರೆ ಸಾಲದು, ರೈಲಿನ ಹಣೆಯ ಮೇಲಿನ ಊರಿನ ಹೆಸರನ್ನೂ ಓದಬೇಕು. ಇದನ್ನು ನಾನು ಕಲಿತದ್ದು ಕ್ಯೂ ಗಾರ್ಡನ್ಸ್‌ಗೆಂದು ಹಸಿರು ಗೆರೆಯ ರೈಲು ಹತ್ತಿ, ಅದು ಅರ್ಲ್ಸ್ ಕೋರ್ಟ್‌ನಲ್ಲಿ ಕವಲೊಡೆದು ನನ್ನನ್ನು ವಿಂಬಲ್ಡನ್ ಕಡೆಗೆ ಕರೆದೊಯ್ದಾಗ. ಇನ್ನು ಮಂಡಿನೋವಿದ್ದವರು ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತನ್ನು ಹುಡುಕಿಕೊಳ್ಳಿ. 272 ನಿಲ್ದಾಣಗಳಲ್ಲಿ ಮೂರನೇ ಒಂದರಷ್ಟರಲ್ಲಿ ಮಾತ್ರ ಮೆಟ್ಟಿಲಿಲ್ಲದೆ ಹೋಗಿಬರಬಹುದು.

ಹೀಗೆ ತಿರುಗುತ್ತ ತಿರುಗುತ್ತ ನನಗೆ ಒಂದು ಗೀಳು ಹತ್ತಿತು. ಅರಮನೆ, ಸೇತುವೆ, ಗಡಿಯಾರದ ಗೋಪುರ ಎಲ್ಲ ಮೊದಲ ವಾರದಲ್ಲೇ ಮುಗಿದವು. ಆಮೇಲೆ ನಿಲ್ದಾಣಗಳನ್ನೇ ನೋಡಲು ಹೊರಡುತ್ತಿದ್ದೆ. ಬೆಕ್ ಬಿಟ್ಟದ್ದು ಏನೇನು ಎಂದು ತಿಳಿಯಬೇಕಿತ್ತು.

ಮೊದಲು ಹೋದದ್ದು ಬೇಕರ್ ಸ್ಟ್ರೀಟ್‌ಗೆ. ಷರ್ಲಾಕ್ ಹೋಮ್ಸ್‌ಗಾಗಿ ಅಲ್ಲ, ಐದು ಮತ್ತು ಆರನೆಯ ಪ್ಲಾಟ್‌ಫಾರ್ಮಿಗಾಗಿ. ಇಟ್ಟಿಗೆಯ ಕಮಾನು, ಅದರಲ್ಲಿ ಸಾಲಾಗಿ ಕೊರೆದ ಓರೆ ಗೂಡುಗಳು. ಒಂದು ಕಾಲದಲ್ಲಿ ಆ ಗೂಡುಗಳಿಂದ ಹಗಲು ಬೆಳಕು ಬರುತ್ತಿತ್ತು, ಹೊಗೆ ಹೊರಗೆ ಹೋಗುತ್ತಿತ್ತು. 1863ರ ಜನವರಿ 10ರಂದು ಪ್ರಪಂಚದ ಮೊದಲ ನೆಲದಡಿಯ ರೈಲು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಓಡಿದ್ದು ಇದೇ ದಾರಿಯಲ್ಲಿ. ಉದ್ದ ಸುಮಾರು 6 ಕಿಲೋಮೀಟರ್, ಏಳು ನಿಲ್ದಾಣ. ಮರದ ಬೋಗಿ, ಗ್ಯಾಸಿನ ದೀಪ, ಉಗಿ ಎಂಜಿನ್. ಸುರಂಗದೊಳಗೆ ಉಗಿ ಎಂಜಿನ್ ಎಂದರೆ ಹೇಗಿದ್ದೀತು ಊಹಿಸಿಕೊಳ್ಳಿ. ಆದರೂ ಮೊದಲ ದಿನವೇ ಸುಮಾರು 38,000 ಜನ ಹತ್ತಿದರು. ಆಗಿನ ಪ್ರಧಾನಿ ಪಾಮರ್‌ಸ್ಟನ್‌ಗೆ ಎಪ್ಪತ್ತೆಂಟು ದಾಟಿತ್ತು. ಉದ್ಘಾಟನೆಯ ಔತಣಕ್ಕೆ ಕರೆದರೆ, ಆದಷ್ಟು ದಿನ ನೆಲದ ಮೇಲೇ ಇರುತ್ತೇನೆ ಎಂದು ತಪ್ಪಿಸಿಕೊಂಡನಂತೆ.

ಈ ರೈಲಿನ ಕನಸು ಕಂಡವನು ಎಂಜಿನಿಯರ್ ಅಲ್ಲ, ಚಾರ್ಲ್ಸ್ ಪಿಯರ್ಸನ್ ಎಂಬ ವಕೀಲ. ಲಂಡನ್ನಿನ ನಡುಪೇಟೆಯಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಉಸಿರುಗಟ್ಟಿಕೊಂಡು ಬದುಕುತ್ತಿದ್ದ ಕಾಲವದು. ಕೂಲಿಕಾರರು ಕೆಲಸದ ಹತ್ತಿರವೇ ಇರಬೇಕಿತ್ತು, ಏಕೆಂದರೆ ನಡೆದೇ ಹೋಗಬೇಕಿತ್ತು. ಅಗ್ಗದ ರೈಲು ಬಂದರೆ ಅವರು ಊರ ಹೊರಗೆ ಗಾಳಿ ಬೆಳಕಿರುವ ಮನೆಗಳಲ್ಲಿ ಇರಬಹುದು ಎಂದು ಪಿಯರ್ಸನ್ 1840ರ ದಶಕದಿಂದಲೇ ವಾದಿಸುತ್ತ ಬಂದ, ಹಣ ಹಾಕುವವರ ಮನವೊಲಿಸಿದ. ಆದರೆ ಸುರಂಗ ತೋಡಿದ್ದು ಹೇಗೆ? ರಸ್ತೆಯನ್ನೇ ಅಗೆದು, ಕಂದಕ ಮಾಡಿ, ಹಳಿ ಹಾಕಿ, ಮೇಲೆ ಕಮಾನು ಕಟ್ಟಿ ಮುಚ್ಚುವುದು. ರಸ್ತೆ ಇಲ್ಲದ ಕಡೆ ಮನೆಗಳನ್ನು ಕೆಡವುವುದು. ಕೆಡವಲು ಸುಲಭವಾದದ್ದು ಯಾರ ಮನೆ? ಫ್ಲೀಟ್ ಕಣಿವೆಯ ಬಡವರದು. ಮನೆಯ ಒಡೆಯರಿಗೆ ಪರಿಹಾರ ಸಿಕ್ಕಿತು, ವಾರದ ಬಾಡಿಗೆಯಲ್ಲಿದ್ದ ಸಾವಿರಾರು ಜನಕ್ಕೆ ಸಿಗಲಿಲ್ಲ. ಅವರು ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಇನ್ನೂ ಇಕ್ಕಟ್ಟಾದ ಬೀದಿಗಳಿಗೆ ಹೋದರು. ಯಾರಿಗಾಗಿ ರೈಲು ಬೇಕೆಂದನೋ ಅವರ ಮನೆಯ ಮೇಲೇ ರೈಲು ಹಾದುಹೋಯಿತು. ಪಿಯರ್ಸನ್‌ಗೆ ಉದ್ಘಾಟನೆ ನೋಡುವ ಭಾಗ್ಯವೂ ಇರಲಿಲ್ಲ. ಅದಕ್ಕೆ ನಾಲ್ಕು ತಿಂಗಳು ಮುಂಚೆ, 1862ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಕೂಲಿಕಾರರಿಗೆಂದು ನಸುಕಿನಲ್ಲಿ ಓಡುವ ಅಗ್ಗದ ರೈಲುಗಳು ಮಾತ್ರ 1864ರಿಂದ ಶುರುವಾದವು.

ಇನ್ನೊಂದು ದಿನ ಕಪ್ಪು ಗೆರೆ ಹಿಡಿದು ದಕ್ಷಿಣಕ್ಕೆ ಹೊರಟೆ. ಬ್ಯಾಂಕ್ ನಿಲ್ದಾಣದಲ್ಲಿ ಬದಲಾಯಿಸಿದರೆ ಥೇಮ್ಸ್ ನದಿಯ ಅಡಿಯಿಂದ ಹಾದು ಸ್ಟಾಕ್‌ವೆಲ್‌ಗೆ ಹೋಗುತ್ತದೆ. ಬಹುಪಾಲು ಇದೇ ದಾರಿಯಲ್ಲಿ 1890ರ ಡಿಸೆಂಬರ್‌ನಲ್ಲಿ ಆಳದ ಸುರಂಗದ ಮೊದಲ ವಿದ್ಯುತ್ ರೈಲು ಓಡಿತು. ರಸ್ತೆ ಅಗೆಯದೆ, ಕಬ್ಬಿಣದ ದೊಡ್ಡ ಕವಚವೊಂದನ್ನು ಜೇಡಿಮಣ್ಣಿನೊಳಗೆ ತಳ್ಳುತ್ತ ತಳ್ಳುತ್ತ ದುಂಡನೆಯ ಸುರಂಗ ಕೊರೆದರು. ಟ್ಯೂಬ್ ಎಂಬ ಹೆಸರು ಬಂದದ್ದು ಅಂಥ ಕೊಳವೆಗಳಿಂದ. ನೋಡಲು ಹೊರಗೇನಿದೆ ಎಂದು ಆ ಬೋಗಿಗಳಿಗೆ ಸರಿಯಾದ ಕಿಟಕಿಯನ್ನೇ ಇಟ್ಟಿರಲಿಲ್ಲ, ಮೇಲ್ಗಡೆ ಸಣ್ಣ ಸೀಳುಗಳಷ್ಟೇ. ಹುಚ್ಚರಾಸ್ಪತ್ರೆಯ ಮೆತ್ತೆ ಗೋಡೆಯ ಕೋಣೆಗೆ ಹೋಲಿಸಿ ಜನ ತಮಾಷೆ ಮಾಡಿದರು. ನಿಲ್ದಾಣ ಬಂದಾಗ ಗೇಟಿನವನು ಹೆಸರು ಕೂಗಬೇಕಿತ್ತು. ಈಗ ಅದನ್ನು ಧ್ವನಿಮುದ್ರಿತ ಹೆಣ್ಣುದನಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಸ್ಟಾಕ್‌ವೆಲ್‌ನಿಂದ ಅದೇ ರೈಲಿನಲ್ಲಿ ಮೂರು ನಿಲ್ದಾಣ ಮುಂದೆ ಕ್ಲ್ಯಾಪಮ್ ಸೌತ್. ಇಲ್ಲಿ ಇಳಿಯುವ ಪ್ರವಾಸಿಗಳು ಕಡಿಮೆ. ನಿಲ್ದಾಣದ ಹತ್ತಿರ ಮೈದಾನದ ಅಂಚಿನಲ್ಲಿ ದುಂಡನೆಯ ಕಾಂಕ್ರೀಟಿನ ಕಟ್ಟಡವೊಂದಿದೆ, ನೀರಿನ ಟ್ಯಾಂಕಿನ ಹಾಗೆ. ಅದು ಟ್ಯೂಬ್ ಸುರಂಗಕ್ಕಿಂತಲೂ ಆಳದಲ್ಲಿರುವ ಯುದ್ಧಕಾಲದ ಆಸರೆಯ ಬಾಯಿ. ಅಂಥ ಎಂಟು ಆಸರೆಗಳನ್ನು ಲಂಡನ್ನಿನಲ್ಲಿ ತೋಡಿದರು. ಸರ್ಕಾರ ಅವನ್ನು ತಾನಾಗಿ ತೋಡಲಿಲ್ಲ, ಜನ ತೋಡಿಸಿದರು.

1940ರ ಸೆಪ್ಟೆಂಬರ್ 7ರಂದು ಜರ್ಮನ್ ವಿಮಾನಗಳು ಲಂಡನ್ ಮೇಲೆ ದಿನನಿತ್ಯದ ದಾಳಿ ಶುರುಮಾಡಿದವು. ಟ್ಯೂಬ್ ನಿಲ್ದಾಣಗಳಲ್ಲಿ ಆಸರೆ ಪಡೆಯಲು ಸರ್ಕಾರದ ಒಪ್ಪಿಗೆ ಇರಲಿಲ್ಲ. ಒಮ್ಮೆ ಕೆಳಗಿಳಿದ ಜನ ಮತ್ತೆ ಮೇಲೆ ಬಂದು ಕೆಲಸಕ್ಕೆ ಹೋಗುವುದಿಲ್ಲ ಎಂಬ ಭಯ ಅಧಿಕಾರಿಗಳಿಗೆ. ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ಜನ ಗೇಟಿನ ಮುಂದೆ ನೆರೆದು ಜಗ್ಗಲಿಲ್ಲ, ಕೊನೆಗೆ ಗೇಟು ತೆರೆಯಿತು. ಬೇರೆ ಕಡೆ ಒಂದೂವರೆ ಪೆನ್ನಿಯ ಟಿಕೆಟ್ ಕೊಂಡು ಪ್ರಯಾಣಿಕರ ಹಾಗೆ ಒಳಗೆ ಹೋಗಿ, ಚಾಪೆ ಹಾಸಿ ಮಲಗಿಬಿಟ್ಟರು. ಟಿಕೆಟ್ ಕೊಂಡವರನ್ನು ಹೊರಗೆ ಹಾಕುವುದು ಹೇಗೆ? ಆ ತಿಂಗಳ ಕೊನೆಯ ಹೊತ್ತಿಗೆ ಒಂದೇ ರಾತ್ರಿ ಸುಮಾರು 1,77,000 ಜನ ನೆಲದಡಿಯಲ್ಲಿ ಮಲಗಿದ್ದರು. ಕೊನೆಗೆ ಸರ್ಕಾರವೇ ಬಗ್ಗಿ ಮಂಚ ಹಾಕಿಸಿತು, ಚಹಾ ತಿಂಡಿ ತರುವ ರೈಲು ಓಡಿಸಿತು, ಆಳದ ಆಸರೆಗಳಿಗೆ ಹಣ ಕೊಟ್ಟಿತು. ಹಾಗೆಂದು ಕೆಳಗಿದ್ದವರೆಲ್ಲ ಕ್ಷೇಮವಾಗಿರಲಿಲ್ಲ. ಅಕ್ಟೋಬರ್ 14ರಂದು ಕ್ಲ್ಯಾಪಮ್ ಸೌತ್‌ನ ಪಕ್ಕದ ಬ್ಯಾಲಮ್ ನಿಲ್ದಾಣದ ಮೇಲೆ ಬಾಂಬು ಬಿದ್ದು, ಮುರಿದ ಕೊಳವೆಗಳ ನೀರು ಮಣ್ಣಿನೊಡನೆ ಸುರಂಗಕ್ಕೆ ನುಗ್ಗಿ ಅರವತ್ತಕ್ಕೂ ಹೆಚ್ಚು ಜನ ಸತ್ತರು.

ಕ್ಲ್ಯಾಪಮ್ ಸೌತ್‌ನ ಆಸರೆಗೆ ಯುದ್ಧ ಮುಗಿದ ಮೇಲೂ ಒಂದು ಕೆಲಸ ಉಳಿದಿತ್ತು. 1948ರ ಜೂನ್ 22ರಂದು ಎಂಪೈರ್ ವಿಂಡ್‌ರಷ್ ಎಂಬ ಹಡಗು ಕೆರಿಬಿಯನ್ ದ್ವೀಪಗಳಿಂದ ನೂರಾರು ಜನರನ್ನು ಲಂಡನ್ ಬಳಿಯ ಟಿಲ್ಬರಿಯಲ್ಲಿ ಇಳಿಸಿತು. ಅವರಲ್ಲಿ ಉಳಿಯಲು ಜಾಗವಿಲ್ಲದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ತಂದು ಇಟ್ಟದ್ದು ಈ ನೆಲಮಾಳಿಗೆಯಲ್ಲಿ. ಹತ್ತಿರದ ಉದ್ಯೋಗ ಕಚೇರಿ ಇದ್ದದ್ದು ಬ್ರಿಕ್ಸ್ಟನ್‌ನಲ್ಲಿ. ಅಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಕೋಣೆ ಹಿಡಿದರು, ಅಲ್ಲೇ ಊರು ಕಟ್ಟಿದರು. 1956ರಿಂದ ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯೇ ಬಾರ್ಬಡೋಸ್‌ಗೆ ಹೋಗಿ ಬಸ್ಸಿಗೂ ಟ್ಯೂಬಿಗೂ ಕೆಲಸಗಾರರನ್ನು ಕರೆತರಲು ಶುರುಮಾಡಿತು. ಮೊದಲ ರಾತ್ರಿಗಳನ್ನು ನೆಲದಡಿಯಲ್ಲಿ ಕಳೆದವರ ನೆಂಟರಿಷ್ಟರು ಆಮೇಲೆ ಆ ನೆಲದಡಿಯ ರೈಲನ್ನೇ ಓಡಿಸಿದರು.

ಸ್ಟಾಕ್‌ವೆಲ್‌ಗೆ ವಾಪಸು ಬಂದು ತಿಳಿನೀಲಿ ಗೆರೆ ಹಿಡಿದರೆ ಬ್ರಿಕ್ಸ್ಟನ್ ಒಂದೇ ನಿಲ್ದಾಣ. ಹೊರಗೆ ಬಂದರೆ ಮಾರುಕಟ್ಟೆ. ಬಾಳೆಕಾಯಿ, ಗೆಣಸು, ಒಣಮೀನು, ಮಾವು. ಮೈಸೂರಿನ ದೇವರಾಜ ಮಾರುಕಟ್ಟೆಯ ವಾಸನೆ ಬಂದಂತಾಗಿ ಒಂದು ಗಳಿಗೆ ನಿಂತೆ. ಅದೇ ಗೆರೆಯಲ್ಲಿ ಇನ್ನೊಂದು ದಿಕ್ಕಿಗೆ ಎರಡು ನಿಲ್ದಾಣ ಹೋದರೆ ವಾಕ್ಸಾಲ್. ಅಲ್ಲಿಂದ ನದಿಯ ಪಕ್ಕದಲ್ಲೇ ನಡೆದು ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣ ಇದ್ದಾನೆ. 2015ರ ನವೆಂಬರ್ 14ರಂದು ಅನಾವರಣಗೊಂಡ ಪ್ರತಿಮೆ. ಕಲಬುರಗಿ ಮೂಲದವರೂ ಲ್ಯಾಂಬೆತ್ ಪ್ರದೇಶದ ಮಾಜಿ ಮೇಯರೂ ಆದ ನೀರಜ್ ಪಾಟೀಲ್ ಅವರು ವರ್ಷಗಟ್ಟಲೆ ಓಡಾಡಿ ಸಾಧಿಸಿದ್ದು. ಬ್ರಿಕ್ಸ್ಟನ್ ಇರುವುದೂ ಇದೇ ಲ್ಯಾಂಬೆತ್‌ನಲ್ಲಿ. ಹಡಗಿನಿಂದಿಳಿದು ನೆಲಮಾಳಿಗೆಯಲ್ಲಿ ಮಲಗಿದವರಿಗೆ ಜಾಗ ಕೊಟ್ಟ ಸೀಮೆಯಲ್ಲೇ, ಎಷ್ಟೋ ವರ್ಷಗಳ ಮೇಲೆ, ಕಲಬುರಗಿಯಿಂದ ಬಂದವರೊಬ್ಬರು ಮೇಯರಾದರು, ಕಾಯಕದ ಮಾತಾಡಿದ ಬಸವಣ್ಣನೂ ಬಂದು ನಿಂತ. ಕೈಮುಗಿದು ಅಲ್ಲೇ ಬೆಂಚಿನಲ್ಲಿ ಕೂತು, ಡಬ್ಬಿಯಲ್ಲಿ ತಂದಿದ್ದ ಚಪಾತಿ ತಿಂದೆ.

ಇಷ್ಟೆಲ್ಲ ತಿರುಗಿದರೂ ಒಂದು ನಿಲ್ದಾಣದಲ್ಲಿ ಮಾತ್ರ ನಾನು ಇಳಿದಿರಲಿಲ್ಲ. ಅದು ದಿನಾ ಎರಡು ಸಲ ಹಾದುಹೋಗುತ್ತಿದ್ದ ನಿಲ್ದಾಣ. ಲೇಟನ್ ಬಿಟ್ಟರೆ ಸ್ಟ್ರಾಟ್‌ಫರ್ಡ್, ಮೈಲ್ ಎಂಡ್, ಬೆತ್ನಲ್ ಗ್ರೀನ್, ಆಮೇಲೆ ಲಿವರ್‌ಪೂಲ್ ಸ್ಟ್ರೀಟ್. ಆಗಸ್ಟ್ ತಿಂಗಳು, ಸೆಂಟ್ರಲ್ ಲೈನಿನಲ್ಲಿ ಎ.ಸಿ. ಇಲ್ಲ. ಸೆಕೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬೆತ್ನಲ್ ಗ್ರೀನ್ ಎಂಬ ಹೆಸರನ್ನು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಯುದ್ಧಕಾಲದ ಟ್ಯೂಬ್ ಬಗ್ಗೆ ಓದುವಾಗ ಆ ಹೆಸರು ಮತ್ತೆ ಎದುರಾಯಿತು. ವಾಪಸು ಬರುವ ಹಿಂದಿನ ಭಾನುವಾರ ಮಗಳನ್ನೂ ಕರೆದುಕೊಂಡು ಅಲ್ಲಿ ಇಳಿದೆ.

ಯುದ್ಧ ಶುರುವಾದಾಗ ಬೆತ್ನಲ್ ಗ್ರೀನ್ ಇನ್ನೂ ಅರ್ಧ ಕಟ್ಟಿದ ನಿಲ್ದಾಣ. ಸುರಂಗವಿತ್ತು, ರೈಲು ಇರಲಿಲ್ಲ. ಹಾಗಾಗಿ ಇಡೀ ನಿಲ್ದಾಣವೇ ಆಸರೆಯಾಯಿತು. ಸಾವಿರಾರು ಮಂಚ, ಮಕ್ಕಳಿಗೆ ಶಿಶುವಿಹಾರ, ನಾಟಕಕ್ಕೊಂದು ರಂಗ. ಮೇಲಿದ್ದ ಗ್ರಂಥಾಲಯದ ಮೇಲೆ ಬಾಂಬು ಬಿದ್ದಿದ್ದರಿಂದ ಗ್ರಂಥಾಲಯವೂ ಕೆಳಗಿಳಿದು, ಹಳಿಗಳ ಮೇಲೆ ಹಲಗೆ ಹಾಸಿ ಪುಸ್ತಕ ಕೊಡುತ್ತಿತ್ತು. ಆದರೆ ಈ ಊರಿಗೆಲ್ಲ ಇದ್ದದ್ದು ಒಂದೇ ಬಾಗಿಲು. ಬೀದಿಯಿಂದ ಕೆಳಗೆ ಹತ್ತೊಂಬತ್ತು ಮೆಟ್ಟಿಲು, ಅಲ್ಲೊಂದು ತಿರುವು. ಮಧ್ಯದಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ. ಕತ್ತಲೆ ಕಾಯಿದೆಯ ಕಾಲ, ಬೆಳಕೆಂದರೆ 25 ವ್ಯಾಟಿನ ಒಂದು ಬಲ್ಬು. ಬಾಗಿಲು ಸರಿಯಿಲ್ಲ, ಬದಲಾಯಿಸಲು ಅನುಮತಿ ಕೊಡಿ ಎಂದು ಸ್ಥಳೀಯ ಕೌನ್ಸಿಲ್ 1941ರಲ್ಲೇ ಮೇಲಿನವರಿಗೆ ಬರೆದಿತ್ತು. ದುಂದುವೆಚ್ಚ ಎಂದು ಮೇಲಿನವರು ಒಪ್ಪಲಿಲ್ಲ.

1943ರ ಮಾರ್ಚ್ 3. ಎರಡು ರಾತ್ರಿ ಮುಂಚೆ ಬ್ರಿಟಿಷ್ ವಿಮಾನಗಳು ಬರ್ಲಿನ್ ಮೇಲೆ ದೊಡ್ಡ ದಾಳಿ ಮಾಡಿದ್ದವು, ಅದರ ಸೇಡು ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು. ರಾತ್ರಿ 8.17ಕ್ಕೆ ಸೈರನ್ ಕೂಗಿತು. ಜನ ಎಂದಿನಂತೆ ಇಳಿಯತೊಡಗಿದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹತ್ತಿರದ ವಿಕ್ಟೋರಿಯಾ ಪಾರ್ಕ್‌ನಿಂದ ಯಾರೂ ಹಿಂದೆ ಕೇಳಿರದಂಥ ಸದ್ದು ಬಂತು. ಅದು ನಮ್ಮದೇ ಕಡೆಯ ಹೊಸ ರಾಕೆಟ್ ಎಂದು ಜನಕ್ಕೆ ಹೇಗೆ ಗೊತ್ತಾಗಬೇಕು? ಇಳಿಯುವವರು ಬೇಗ ಬೇಗ ಇಳಿದರು. ಮಳೆಗೆ ಒದ್ದೆಯಾದ ಮೆಟ್ಟಿಲಲ್ಲಿ, ಕೆಳಗಡೆ, ಮಗುವಿನೊಡನೆ ಇಳಿಯುತ್ತಿದ್ದ ಹೆಂಗಸೊಬ್ಬಳು ಜಾರಿಬಿದ್ದಳು. ಅವಳ ಮೇಲೆ ಹಿಂದಿನವರು, ಅವರ ಮೇಲೆ ಅವರ ಹಿಂದಿನವರು. ಕತ್ತಲಲ್ಲಿ ಮೇಲಿನವರಿಗೆ ಕೆಳಗೆ ಏನಾಗಿದೆ ಎಂದೇ ಕಾಣದು. ಒಂದೆರಡು ನಿಮಿಷದೊಳಗೆ ಮುನ್ನೂರರಷ್ಟು ಜನ ಆ ಮೆಟ್ಟಿಲ ಬಾವಿಯಲ್ಲಿ ಸಿಕ್ಕಿಬಿದ್ದರು. 173 ಮಂದಿ ಉಸಿರುಗಟ್ಟಿ ಸತ್ತರು: 84 ಹೆಂಗಸರು, 62 ಮಕ್ಕಳು, 27 ಗಂಡಸರು. ಆ ರಾತ್ರಿ ಅಲ್ಲಿ ಒಂದೇ ಒಂದು ಬಾಂಬೂ ಬೀಳಲಿಲ್ಲ. ಟ್ಯೂಬಿನ ಇತಿಹಾಸದಲ್ಲಿ ಒಂದೇ ಬಾರಿಗೆ ಇಷ್ಟು ಜನ ಸತ್ತದ್ದು ಇನ್ಯಾವತ್ತೂ ಇಲ್ಲ.

ಪತ್ರಿಕೆಗಳು ಸುದ್ದಿ ಹಾಕಿದವು, ಜಾಗದ ಹೆಸರು ಹಾಕಲಿಲ್ಲ. ಶತ್ರುವಿಗೆ ಗೊತ್ತಾಗಬಾರದೆಂದು ಕಾರಣ. ಸರ್ಕಾರ ಮ್ಯಾಜಿಸ್ಟ್ರೇಟರೊಬ್ಬರಿಂದ ಗುಟ್ಟಾಗಿ ವಿಚಾರಣೆ ಮಾಡಿಸಿತು. ಜನ ತಮ್ಮ ಹಿಡಿತ ಕಳೆದುಕೊಂಡದ್ದು ಕಾರಣವೆಂದು ವರದಿ ಹೇಳಿತು. ಆ ವರದಿಯೂ ಹೊರಬಂದದ್ದು 1945ರಲ್ಲಿ. ಬಾಗಿಲು ಬದಲಾಯಿಸಲು ಕೇಳಿದ್ದೆವು ಎಂದು ಹೇಳಿಕೊಳ್ಳುವ ಹಾಗೂ ಇಲ್ಲದೆ ಕೌನ್ಸಿಲ್ ಬಾಯಿ ಮುಚ್ಚಿಕೊಂಡಿತು. ಬದುಕುಳಿದವರಿಗೂ ಮಾತಾಡಬೇಡಿ ಎಂದರು. ಗಂಡನನ್ನೂ ಮಗಳನ್ನೂ ಕಳೆದುಕೊಂಡ ಒಬ್ಬ ಹೆಂಗಸು 1944ರಲ್ಲಿ ನ್ಯಾಯಾಲಯಕ್ಕೆ ಹೋದಳು. ಜನ ನೂಕಾಡಿದರು ಎಂಬ ಮಾತನ್ನು ನ್ಯಾಯಾಧೀಶರು ಒಪ್ಪಲಿಲ್ಲ. ತಪ್ಪು ಇದ್ದದ್ದು ಮೆಟ್ಟಿಲಿನಲ್ಲಿ.

ಈಗ ನಿಲ್ದಾಣದ ಪಕ್ಕದ ಉದ್ಯಾನದಲ್ಲಿ ಒಂದು ಸ್ಮಾರಕವಿದೆ. 2017ರ ಡಿಸೆಂಬರ್‌ನಲ್ಲಿ, ಘಟನೆ ನಡೆದು ಎಪ್ಪತ್ತನಾಲ್ಕು ವರ್ಷಗಳ ಮೇಲೆ, ಪೂರ್ತಿಯಾದದ್ದು. ತೇಗದ ಮರದಲ್ಲಿ ಮಾಡಿದ ತಲೆಕೆಳಗಾದ ಮೆಟ್ಟಿಲು, ತಲೆಯ ಮೇಲೆ ಗಾಳಿಯಲ್ಲಿ ನಿಂತಿದೆ. ಸುತ್ತ ಸತ್ತವರ ಹೆಸರು. ಒಂದೇ ಮನೆತನದ ಹೆಸರುಗಳು ಎರಡು, ಮೂರು, ನಾಲ್ಕು ಸಲ ಬರುತ್ತವೆ. ಮಗಳು ಓದುತ್ತ ಓದುತ್ತ ನಡುವೆ ನಿಲ್ಲಿಸಿಬಿಟ್ಟಳು.

ನಾನು ನಿಂತಿದ್ದು ಬೇರೆ ಕಾರಣಕ್ಕೆ. ನಾನು ಲಂಡನ್ನಿಗೆ ಹೊರಡುವ ಮುಂಚೆ, 2025ರ ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಸೇರಿದ್ದವರಲ್ಲಿ 11 ಮಂದಿ ನೂಕುನುಗ್ಗಲಿನಲ್ಲಿ ಸತ್ತರು. ನನ್ನ ತಂಗಿಯ ಮಗ ಆ ಜನರ ನಡುವೆ ಇದ್ದ. ಮೂರು ಗಂಟೆ ಅವನ ಫೋನ್ ಸಿಗಲಿಲ್ಲ. ಕೊನೆಗೆ ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲದೆ ಮನೆಗೆ ಬಂದ. ಫೋನಿನಲ್ಲಿ ನಾನು ಅವನಿಗೆ ಹೇಳಿದ ಮೊದಲ ಮಾತು, "ಅಲ್ಲಿಗೆ ಯಾಕೋ ಹೋಗ್ಬೇಕಿತ್ತು ನೀನು? ಬುದ್ಧಿ ಬೇಡ್ವಾ?" ಬಂಧುಗಳ ವಾಟ್ಸಾಪ್ ಗುಂಪಿನಲ್ಲೂ ಅದೇ ಮಾತು. ಈಗಿನ ಹುಡುಗರಿಗೆ ಹುಚ್ಚು, ಜನಕ್ಕೆ ಶಿಸ್ತಿಲ್ಲ. ನಾನೂ ಒಂದೆರಡು ಸಾಲು ಬರೆದಿದ್ದೆ.

ಅದೇ ಮಾತನ್ನೇ ಅಲ್ಲವೇ ಆ ಗುಟ್ಟಿನ ವರದಿಯೂ ಹೇಳಿದ್ದು? ಜನ ಹಿಡಿತ ಕಳೆದುಕೊಂಡರು ಎಂದು. ಮೆಟ್ಟಿಲು ಹೇಗಿತ್ತು, ಬೆಳಕು ಎಷ್ಟಿತ್ತು, ಬಾಗಿಲು ಎಷ್ಟಿತ್ತು ಎಂದು ಕೇಳುವುದಕ್ಕಿಂತ ಬಿದ್ದವರನ್ನು ಬೈಯುವುದು ಸುಲಭ. ಬೈದವರಲ್ಲಿ ನಾನೂ ಒಬ್ಬಳು. ಎರಡನೆಯ ಮಹಾಯುದ್ಧವನ್ನು ಮೂವತ್ತು ವರ್ಷ ಕಲಿಸಿದ್ದೇನೆ. ಕಾರಣಗಳು, ಪರಿಣಾಮಗಳು, ಒಂದೊಂದಕ್ಕೂ ಅಂಕ. ಲಂಡನ್ ಜನರ ಧೈರ್ಯ ಎಂದು ಒಂದು ಸಾಲು ಬರೆಸುತ್ತಿದ್ದೆ. ಆ ಧೈರ್ಯವಂತ ಜನರೇ ಒಂದು ಕಂಬಿ ಇಲ್ಲದ ಮೆಟ್ಟಿಲಲ್ಲಿ ಸತ್ತಾಗ ಅವರನ್ನೇ ದೂರಿದರು ಎಂಬುದು ನಮ್ಮ ಪಠ್ಯದಲ್ಲಿ ಇರಲಿಲ್ಲ.

ಸ್ಮಾರಕ ನೋಡಿ ಹಿಂದಿರುಗುವಾಗ ಅದೇ ಮೆಟ್ಟಿಲಿನಲ್ಲಿ ಇಳಿದೆವು. ದುರಂತದ ನಂತರ ಅಲ್ಲಿ ಕಂಬಿಗಳನ್ನು ಹಾಕಿದರು. ಗೋಡೆಯ ಮೇಲೊಂದು ಫಲಕವಿದೆ, ಅವಸರದಲ್ಲಿ ಹೋಗುವವರಿಗೆ ಕಾಣುವುದಿಲ್ಲ. ನಾನು ಕಂಬಿ ಹಿಡಿದು ಒಂದೊಂದೇ ಎಣಿಸುತ್ತ ಇಳಿದೆ. ಹಿಂದೆ ಬರುತ್ತಿದ್ದ ಯುವಕನೊಬ್ಬ ಅವಸರ ಮಾಡದೆ ನನ್ನ ಹಿಂದೆಯೇ ನಿಧಾನವಾಗಿ ಬಂದ. ಕೆಳಗೆ ತಿರುವಿನಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವನು ತಲೆಯಾಡಿಸಿ ಮುಂದೆ ಹೋದ.

ಬೆಕ್‌ನ ನಕ್ಷೆಯಲ್ಲಿ ಬೆತ್ನಲ್ ಗ್ರೀನ್ ಕೆಂಪು ಗೆರೆಯ ಮೇಲಿನ ಒಂದು ಸಣ್ಣ ಗೀಟು. ಹಾಗೇ ಇರಬೇಕು ಅದು. ಇಲ್ಲವಾದರೆ ನನ್ನಂಥವಳು ದಾರಿ ಹುಡುಕುವುದೇ ಆಗುತ್ತಿರಲಿಲ್ಲ. ಆದರೆ ಆ ಗೀಟಿನ ಮೇಲೆ ಒಮ್ಮೆಯಾದರೂ ಇಳಿಯಬೇಕು. ನೀವು ಲಂಡನ್ನಿಗೆ ಹೋದರೆ ಸೆಂಟ್ರಲ್ ಲೈನಿನಲ್ಲಿ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಪೂರ್ವಕ್ಕೆ ಒಂದೇ ನಿಲ್ದಾಣ. ಅರ್ಧ ಗಂಟೆ ಸಾಕು.

ಊರಿಗೆ ಬಂದ ವಾರದಲ್ಲೇ ತಂಗಿಯ ಮನೆಗೆ ಹೋದೆ. ಹುಡುಗನಿಗೆಂದು ತಂದಿದ್ದ ಚಾಕೊಲೇಟನ್ನೂ ಟ್ಯೂಬಿನ ನಕ್ಷೆಯನ್ನೂ ಕೊಟ್ಟೆ. ನಕ್ಷೆ ನೋಡುತ್ತ ಅವನು, "ಎಲ್ಲೆಲ್ಲಿ ಹೋಗಿದ್ರಿ ದೊಡ್ಡಮ್ಮ?" ಎಂದ. ಬೆತ್ನಲ್ ಗ್ರೀನ್ ತೋರಿಸಿ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ ನಾನು ಕೇಳಿದೆ, "ಅವತ್ತು ಅಲ್ಲಿ ಗೇಟು ಎಷ್ಟು ಅಗಲ ಇತ್ತೋ? ನೀನು ಎಲ್ಲಿ ನಿಂತಿದ್ದೆ?"

ಅಷ್ಟು ದಿನದಲ್ಲಿ ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲವಂತೆ. ನಕ್ಷೆಯ ಹಿಂಭಾಗಕ್ಕೆ ತಿರುಗಿಸಿ, ಪೆನ್ನು ತೆಗೆದುಕೊಂಡು, ಅವನು ರಸ್ತೆಯ ಗೆರೆ ಎಳೆಯತೊಡಗಿದ.